ಯಂತ್ರಬ್ರಹ್ಮರ ಪರದೆಗೆ ಬಂದ ಗ್ರಾಫುಗಳು

ಪರರ ಕಷ್ಟದಲ್ಲಿ ಶಾಂತಚಿತ್ತರು. ಸ್ವಂತ ತಪ್ಪಿನ ವಿಷಯದಲ್ಲಿ ಮಿತಭಾಷಿಗಳು. ಯಾರೂ ಬೇಡದ ಉಪದೇಶದಲ್ಲಿ ದಾನಶೂರರು. ಏಕಪತ್ನೀವ್ರತಸ್ಥರಾದರೂ ಆ ಪತ್ನಿಯ ಮಾತು ಕೇಳುವ ವ್ರತವನ್ನು ಇನ್ನೂ ಕೈಗೊಳ್ಳದವರು. ಲಿನಕ್ಸ್ ಒಂದೇ ಸತ್ಯ, ಮಿಕ್ಕ ಕಂಪ್ಯೂಟರುಗಳೆಲ್ಲ ಮಾಯೆ ಎಂದು ನಂಬಿದ ಮಹಾಜ್ಞಾನಿಗಳು. ಕಂಪ್ಯೂಟರುಗಳ ಮೇಲ್ವಿಚಾರಕರಾದ ಇಂತಹ ಸಕಲಗುಣಸಂಪನ್ನರನ್ನು ಆ ಸಮುದ್ರ ಸಂಶೋಧನಾಲಯದವರು ಯಂತ್ರಬ್ರಹ್ಮರೆಂದು ಕರೆಯುತ್ತಿದ್ದರು. ಎದುರಿಗೆ ಭಕ್ತಿಯಿಂದ, ಬೆನ್ನ ಹಿಂದೆ ಬೇರೆ ರಾಗದಲ್ಲಿ.

ಅಲ್ಲಿನ ಅಲೆಗಳ ಅಳತೆಯೂ ಅದನ್ನು ಗ್ರಾಫಾಗಿ ಬಿಡಿಸುವ ತಂತ್ರಾಂಶವೂ ನೆಲಮಾಳಿಗೆಯ ಸರ್ವರಿನಲ್ಲಿದ್ದವು. ಸಂಶೋಧಕರು ತಂತಮ್ಮ ಮೇಜಿನಿಂದ ಅಪ್ಪಣೆ ಕೊಟ್ಟರೆ ಚಿತ್ರವು ಅವರವರ ಪರದೆಗೆ ಬರಬೇಕು. ಅದನ್ನು ಬರಮಾಡಿಕೊಳ್ಳಲು ವಿಂಡೋಸಿಗೂ ಮ್ಯಾಕಿಗೂ ಬೇರೆ ಬೇರೆ ತಂತ್ರಾಂಶ ಹಾಕಬೇಕಿತ್ತು; ಲಿನಕ್ಸಿನಲ್ಲಿ ಆ ಏರ್ಪಾಡು ಮೊದಲೇ ಇತ್ತು. ಯಂತ್ರಬ್ರಹ್ಮರು ರಜೆಯ ದಿನ ಮೇಜುಮೇಜಿಗೂ ದಯಮಾಡಿಸಿ ಎಲ್ಲವನ್ನೂ ಹಾಕಿದರು. ಆದರೆ ಒಬ್ಬೊಬ್ಬರಿಗೂ ಬೇರೆ ಸೆಟ್ಟಿಂಗ್ ಬರೆಯುವಷ್ಟು ತಾಳ್ಮೆ ಮಹಾತ್ಮರಿಗೆಲ್ಲಿ? ತಮ್ಮದನ್ನೇ ಯಥಾವತ್ತಾಗಿ ಎಲ್ಲರಿಗೂ ನಕಲು ಮಾಡಿ ಕೈ ತೊಳೆದುಕೊಂಡರು.

ಅವರ ಪತ್ನಿ ಅಲ್ಲಿಯೇ ಅಲೆಗಳ ಸಂಶೋಧಕಿ. ಆಕೆ ಕಡಲಿನಲ್ಲಿ ಬಿಟ್ಟಿದ್ದ ತೇಲು ಮಾಪಕಗಳನ್ನು ಇರಗೊಡಬೇಕೋ ಎಳೆದು ತರಬೇಕೋ ಎಂಬುದನ್ನು ಸಮಿತಿಯೊಂದು ರಜೆಯ ಮರುದಿನ ಮಧ್ಯಾಹ್ನ ತೀರ್ಮಾನಿಸುವುದಿತ್ತು. ಗ್ರಾಫ್ ತೋರಿಸದಿದ್ದರೆ ಕೆಲಸ ಅಲ್ಲಿಗೇ ಮುಗಿದಂತೆ. ಸಭೆಯ ದಿನ ಬೆಳಿಗ್ಗೆ ಆಕೆ ಗಂಡನಿಗೆ ಫೋನು ಮಾಡಿದಳು.

“ರೀ, ನನ್ನ ಗ್ರಾಫ್ ಬರ್ತಾ ಇಲ್ಲ. ಸ್ವಲ್ಪ ಬಂದು ನೋಡ್ತೀರಾ?”

“ಚಂದ ನೋಡಿ ಮ್ಯಾಕ್ ತಗೊಂಡ್ರೆ ಹೀಗೇ ಆಗೋದು. ಇನ್ನೊಂದ್ಸಲ ಒತ್ತು.”

“ಒತ್ತಿ ಒತ್ತಿ ಬೆರಳು ಸವೆದುಹೋಯ್ತು. ಪಕ್ಕದ ವಿಂಡೋಸ್‌ನೋರಿಗೂ ಇಲ್ಲ, ಆಚೆ ನಿಮ್ಮ ಲಿನಕ್ಸ್‌ನೋರಿಗೂ ಇಲ್ಲ.”

ಲಿನಕ್ಸಿಗೆ ಬರದಿದ್ದರೆ ಅದು ಆ ಮನುಷ್ಯನ ಸಂಸ್ಕಾರದ ಕೊರತೆ ಎಂದು ತೀರ್ಪಿತ್ತು ಅವರು ಫೋನಿಟ್ಟರು. ಅವರಿಗೆ ಪುರುಸೊತ್ತಾದರೂ ಎಲ್ಲಿ? ಬಳಕೆದಾರರ ಅಜ್ಞಾನವನ್ನು ಕುರಿತು ಸುತ್ತೋಲೆ ಬರೆಯುತ್ತಿದ್ದರು. ಅದಕ್ಕೆ ಅಡ್ಡಿಯಾಗಿ ಅವರ ಪರದೆಯ ಮೇಲೆ ಯಾವಯಾವುದೋ ಚಿತ್ರಗಳು ತೆರೆದುಕೊಳ್ಳುತ್ತಲೇ ಇದ್ದವು. ತಲೆಬರಹವನ್ನೂ ಓದದೆ ಒಂದೊಂದನ್ನೂ ಮುಚ್ಚುತ್ತಾ ಹೋದರು.

ಸಭೆಯ ಹೊತ್ತಿಗೆ ಪತ್ನಿ ನಿರ್ದೇಶಕರನ್ನು ಕರೆದುಕೊಂಡು, ಮ್ಯಾಕನ್ನು ಕಂಕುಳಲ್ಲಿರಿಸಿಕೊಂಡು ಯಂತ್ರಬ್ರಹ್ಮರ ಕೋಣೆಗೆ ಬಂದಳು. ಅವರೆದುರಿಗೇ ಅಪ್ಪಣೆ ಒತ್ತಿದಳು. ಅಲೆಯ ಗ್ರಾಫು ಯಂತ್ರಬ್ರಹ್ಮರ ಪರದೆಯ ಮೇಲೆ ಎದ್ದಿತು. ಅಭ್ಯಾಸಬಲದಿಂದ ಅವರು ಅದನ್ನೂ ಮುಚ್ಚಿದರು.

“ಅದು ನಂದು,” ಎಂದಳು ಆಕೆ ಮೆಲ್ಲಗೆ. “ಬೆಳಿಗ್ಗೆಯಿಂದ ಬಂದ ನನ್ನ ನೆಂಟರನ್ನೆಲ್ಲ ಕತ್ತು ಹಿಡಿದು ಆಚೆ ನೂಕ್ತಾ ಇದ್ರಾ?”

ಯಂತ್ರಬ್ರಹ್ಮರು ಆಕೆಯ ಮ್ಯಾಕಿನ ಸೆಟ್ಟಿಂಗನ್ನು ತೆರೆದು ನೋಡಿದರು. ನಕಲು ಮಾಡಿದ ಸೆಟ್ಟಿಂಗಿನಲ್ಲಿ, ಚಿತ್ರ ತಲುಪಬೇಕಾದ ವಿಳಾಸವಾಗಿ ಅವರ ಕಂಪ್ಯೂಟರಿನ ವಿಳಾಸವೇ ಇತ್ತು. ಒಂದು ಸಾಲು ತಿದ್ದಿದ್ದರೆ ಸಾಕಿತ್ತು. ತಿದ್ದಿದರೆ ತಪ್ಪು ಒಪ್ಪಿದಂತಾಗುವುದಲ್ಲ! ಸಭೆಗೆಂದೇ ತಾವು ಎಲ್ಲವೂ ಒಂದೆಡೆ ಕಾಣುವಂತೆ ಏರ್ಪಡಿಸಿದ್ದಾಗಿ ಗಂಭೀರವಾಗಿ ನುಡಿದರು. ನಿರ್ದೇಶಕರು ಸಂತೋಷಪಟ್ಟು, ಹಾಗಾದರೆ ಆ ಕಂಪ್ಯೂಟರನ್ನೇ ಸಭೆಗೆ ತರಬೇಕೆಂದರು. ಯಂತ್ರಬ್ರಹ್ಮರು ಏದುಸಿರು ಬಿಡುತ್ತಾ ಅದನ್ನು ಮಹಡಿಗೆ ಹೊತ್ತರು.

ಪತ್ನಿ ತನ್ನ ಮ್ಯಾಕಿನಿಂದ ಅಪ್ಪಣೆ ಒತ್ತುತ್ತಾ ಆ ಪರದೆಯ ಮೇಲೆ ಅಲೆಗಳನ್ನು ಒಂದೊಂದಾಗಿ ತೋರಿಸಿ ವಿವರಿಸಿದಳು. ಸಮಿತಿ ತಲೆದೂಗುತ್ತಿರಲು, ಕೆಳಗೆ ಬೇಸತ್ತು ಕುಳಿತಿದ್ದ ವಿಂಡೋಸಿನವನು ಪರೀಕ್ಷೆಗೆಂದು ಒತ್ತಿದ ಗ್ರಾಫೊಂದು ಆ ಪರದೆಯನ್ನೆಲ್ಲ ಆವರಿಸಿತು: ‘ಯಂತ್ರಬ್ರಹ್ಮರ ಉಪದೇಶ ಮತ್ತು ನಮ್ಮ ಕೆಲಸ’. ಒಂದು ಗೆರೆ ಆಕಾಶಕ್ಕೇರಿತ್ತು, ಇನ್ನೊಂದು ನೆಲ ಕಚ್ಚಿತ್ತು.

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, ಇದು ಯಾವ ಮಾಪಕದ್ದೆಂದು ಕೇಳಿದರು.

“ನಂದಲ್ಲ ಸರ್,” ಎಂದಳು ಪತ್ನಿ. “ಆದ್ರೆ ಅಳತೆ ಸರಿಯಾಗಿದೆ. ಮನೇಲೂ ಹೀಗೇ ಬರುತ್ತೆ.”

ನಗು ಇಳಿದ ಮೇಲೆ ಯಂತ್ರಬ್ರಹ್ಮರು ಎದ್ದು ನಿಂತರು. “ಸೆಟ್ಟಿಂಗ್ ತಪ್ಪಾಗಿದೆ. ನಾನೇ ಮಾಡಿದ್ದು,” ಎಂದು, ಎಲ್ಲರೆದುರೂ ಪತ್ನಿಯ ಮ್ಯಾಕಿನಲ್ಲಿ ಆ ಸಾಲನ್ನು ತಿದ್ದಿದರು. ಮುಂದಿನ ಅಲೆಯು ಅದೇ ಮ್ಯಾಕಿನ ಪರದೆಯ ಮೇಲೆ ಎದ್ದಿತು. ಮಾಪಕಗಳು ಕಡಲಿನಲ್ಲಿಯೇ ಉಳಿಯಲೆಂದು ಸಮಿತಿ ತೀರ್ಮಾನಿಸಿತು. ಸುತ್ತೋಲೆ ಮಾತ್ರ ಹೊರಬೀಳಲಿಲ್ಲ.

ಸರ್ವಾಂತರ್ಯಾಮಿಯಾದ ಭಗವಂತನು ಈ ಮಹನೀಯರಿಗೆ ದೀರ್ಘಾಯುಷ್ಯವನ್ನೂ, ಮುಚ್ಚುವ ಮುನ್ನ ತಲೆಬರಹ ಓದುವ ಬುದ್ಧಿಯನ್ನೂ ಕರುಣಿಸಲಿ. ಅವರ ಪತ್ನಿಯ ಮಾಪಕಗಳು ಎಂತಹ ಬಿರುಗಾಳಿಯಲ್ಲಿಯೂ ಮುಳುಗದಿರಲಿ. ಆ ಮನೆಯಲ್ಲಿ ಒಬ್ಬರು ಕರೆದಾಗ ಇನ್ನೊಬ್ಬರು ಎದ್ದು ಬರುವಂತಾಗಲಿ.