ಬದನೆಯ ಹಡಗಿನಲ್ಲಿ ಕಾರ್ತಿಕದ ವ್ರತ

ಅಣುವಿನಷ್ಟು ಬೀಜದೊಳಗೆ ಸಂವತ್ಸರದ ಅನ್ನವನ್ನಿರಿಸಿದ ಶ್ರೀಹರಿಗೂ, ಈಜು ಬಾರದ ನನ್ನನ್ನು ನೀರಿನ ಮೇಲೆ ಕರೆದೊಯ್ದು ನೆಲಕ್ಕೆ ಮರಳಿಸಿದ ವರುಣದೇವನಿಗೂ ಮೊದಲು ನಮಸ್ಕರಿಸಿ, ಈ ಪ್ರಯಾಣವನ್ನು ನಿವೇದಿಸುತ್ತೇನೆ.

ಕುಲಾಂತರಿ ಬದನೆ ಬೇಕೋ ಬೇಡವೋ ಎಂದು ದೇಶವೆಲ್ಲ ವಾದಿಸುತ್ತಿದ್ದ ವರ್ಷ, ಅದನ್ನು ವಿರೋಧಿಸಿ ಬಂದರಿನಿಂದ ಬಂದರಿಗೆ ಸಾಗುತ್ತಿದ್ದ ಪ್ರಚಾರದ ಹಡಗೊಂದರಿಂದ ನನಗೆ ಆಹ್ವಾನ ಬಂದಿತು. ವಿದ್ಯಾರಣ್ಯಪುರದ ನಮ್ಮ ತಾರಸಿಯಲ್ಲಿ ತಾತನ ಕಾಲದ ಬದನೆಯ ತಳಿಯನ್ನು ಉಳಿಸಿಕೊಂಡಿರುವುದೇ ಅದಕ್ಕೆ ಕಾರಣ. ಒಂದು ಬುಟ್ಟಿ ಬದನೆಕಾಯಿಯೊಡನೆ ಸಿಟಿ ಬಸ್ಸಿನಲ್ಲಿ ಯಶವಂತಪುರಕ್ಕೂ, ಅಲ್ಲಿಂದ ರೈಲಿನಲ್ಲಿ ಕೊಚ್ಚಿಗೂ ಹೋಗಿ ಹಡಗು ಹತ್ತಿದೆ.

"ಸಮುದ್ರ ದಾಟಿದ್ರೆ ಪ್ರಾಯಶ್ಚಿತ್ತ ಆಗ್ಬೇಕು, ನೆನಪಿರ್ಲಿ" ಎಂದು ಹೊರಡುವಾಗ ಮಡದಿ ಎಚ್ಚರಿಸಿದ್ದಳು.

"ಮಂಗಳೂರಿನ ತನಕ ತಾನೇ? ದಡದ ಪಕ್ಕದಲ್ಲೇ ಹೋಗೋದು ಕಣೇ, ಅದು ದಾಟೋದಲ್ಲ" ಎಂದು ಶಾಸ್ತ್ರಾರ್ಥ ಹೇಳಿದ್ದೆ.

ಹಡಗಿನ ಆಚಾರ ನಮ್ಮ ಮಡಿಗಿಂತ ಕಠಿಣ. ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಎಲ್ಲರೂ ಪೊರಕೆ ಹಿಡಿಯಬೇಕು. ಶೌಚಾಲಯ ತೊಳೆಯುವ ಸರದಿ ಕಪ್ತಾನರಿಗೂ ತಪ್ಪದು. ಹಾಲೆಂಡಿನ ಆ ಮಹಾಶಯರು ಬಕೆಟ್ಟು ಹಿಡಿದು ಬರುತ್ತಿದ್ದಾಗಲೇ ನಾನು ಡೆಕ್ಕಿನ ಮೇಲೆ ನಿಂತು ಸೂರ್ಯನಿಗೆ ಅರ್ಘ್ಯ ಬಿಟ್ಟೆ. ಗಾಳಿ ಅದನ್ನು ಅವರ ಮುಖಕ್ಕೆ ಅರ್ಪಿಸಿತು. ಅವರು ಒರೆಸಿಕೊಂಡು, ಕೈಮುಗಿದು, ನನಗೂ ಒಂದು ಪೊರಕೆ ಕೊಟ್ಟರು.

ಮಂಗಳೂರು ತಲುಪಿದಾಗ ಪತ್ರಕರ್ತರು ಊಟಕ್ಕೆ ಹಡಗೇರಿದರು. ಅಡುಗೆಯ ರಂಗಪ್ಪ ನಮ್ಮೂರ ಕಡೆಯ ಮಾಕಳಿಯವನು. ನನ್ನ ಬದನೆಯಿಂದಲೇ ಎಣ್ಣೆಗಾಯಿ ಮಾಡಿದ್ದ. ಮೊದಲ ತುತ್ತು ನನ್ನದೆಂದು ಕ್ಯಾಮೆರಾಗಳೆಲ್ಲ ಇತ್ತ ತಿರುಗಿದವು. ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ಚಾತುರ್ಮಾಸ್ಯದ ಕೊನೆಯ ತಿಂಗಳು. ಬದನೆಯಂಥ ಬಹುಬೀಜದ ತರಕಾರಿ ನನಗೆ ವರ್ಜ್ಯ. ಬೀಜ ಉಳಿಸುವ ಉತ್ಸಾಹದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಾಗ ಅದು ನೆಪದಂತೆ ಕೇಳಿಸಿತು.

"ಎಂತದು ಸ್ವಾಮಿ, ನಿಮ್ಮ ಬದ್ನೆ ನೀವೇ ತಿನ್ನುದಿಲ್ವಾ?" ಎಂದ ಒಬ್ಬ ಪತ್ರಕರ್ತ. "ಹಾಗಾದ್ರೆ ನಾವು ಎಂತ ಬರಿಯುದು?"

ರಂಗಪ್ಪನ ಮುಖ ಬಾಡಿತು. "ಇಂಗೆ ಮಾಡ್ಬಿಟ್ರೆ ಎಂಗೆ ಸ್ವಾಮಿ? ತಂದೋರೇ ತಿನ್ನಕ್ಕೆ ಎದ್ರುಕೊಂತಾರೆ ಅಂತ ನಾಳೆ ಪೇಪರ್ನಾಗೆ ಬರ್ತದೆ. ಇಷ್ಟ್ ದಿನ ಊರೂರು ಸುತ್ತಿದ್ದೆಲ್ಲಾ ಗೋತಾ!"

ವ್ರತವೂ ಉಳಿಯಬೇಕು, ಹಡಗಿನ ಮಾನವೂ ಉಳಿಯಬೇಕು.

"ತಿನ್ನೋದಕ್ಕೆ ನಿಷೇಧ ಇದೆಯಪ್ಪ, ಬಡಿಸೋದಕ್ಕಿಲ್ಲ" ಎಂದು ಉತ್ತರೀಯವನ್ನು ಸೊಂಟಕ್ಕೆ ಬಿಗಿದು, ರಂಗಪ್ಪನ ಕೈಯಿಂದ ಸೌಟು ತೆಗೆದುಕೊಂಡೆ. ಪ್ರಶ್ನೆ ಕೇಳಿದವನ ತಟ್ಟೆಗೇ ಮೊದಲು ಬಡಿಸಿದೆ. ಅವನು ಅನುಮಾನದಿಂದ ಮುರಿದ, ತಿಂದ, "ಇನ್ನೊಂದು ಹಾಕಿ ಮಾರಾಯ್ರೆ" ಎಂದ. ಆಮೇಲೆ ಕ್ಯಾಮೆರಾಗಳು ಮೇಜಿನ ಮೇಲೆ ಮಲಗಿದವು. ಕಪ್ತಾನರು ಮೂರನೆಯ ಸಲ ತಟ್ಟೆ ಚಾಚಿದರು.

"ಪಾತ್ರೆ ಖಾಲಿ ಆಯ್ತು ಅಂತ್ಲೇ ಬರಿತೇನೆ" ಎಂದು ಪತ್ರಕರ್ತ ಬೆರಳು ನೆಕ್ಕಿದ.

ಕೊನೆಗೆ ಉಣ್ಣಲು ಉಳಿದವನು ರಂಗಪ್ಪ. ಪಾತ್ರೆಯ ತಳದಲ್ಲಿ ಎಣ್ಣೆಯಷ್ಟೇ ಹೊಳೆಯುತ್ತಿತ್ತು. "ಏನ್ ಸ್ವಾಮಿ, ನಿಮ್ ವ್ರತಾನ ನನ್ಗೂ ಅಂಟಿಸ್ಬಿಟ್ರಲ್ಲ!" ಎಂದು ನಕ್ಕು, ಮೊಸರನ್ನ ಕಲಸಿಕೊಂಡು ನನ್ನ ಪಕ್ಕದಲ್ಲೇ ಕುಳಿತ.

ಸಂಜೆಯ ಬಸ್ಸಿನಲ್ಲಿ ಊರಿಗೆ ಹೊರಟೆ. ಉಂಡವರಿಗೂ, ಬದನೆ ಸಿಗದೆಯೂ ನಕ್ಕವನಿಗೂ, ಹಡಗನ್ನು ಗುಡಿಸಿದ ಎಲ್ಲ ಕೈಗಳಿಗೂ ಶ್ರೀಹರಿಯು ಆಯುರಾರೋಗ್ಯವನ್ನೂ, ಮರುದಿನ ಮತ್ತೆ ಹಸಿಯುವ ಹೊಟ್ಟೆಯನ್ನೂ ಕರುಣಿಸಲಿ.