ಬೋರ್ಡಿನ ಬದಲು ಹೋದ ಅತ್ತೆ

ಮಂಗಳೂರಿನಲ್ಲಿ ಬೊಂಬಾಯಿ ಬಸ್ಸು ಹತ್ತಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಡ್ರೈವರನ ತಲೆಯ ಮೇಲಿನ ಬೋರ್ಡು. ‘ಧೂಮಪಾನ ನಿಷೇಧಿಸಲಾಗಿದೆ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ನಾನು ಐದನೇ ಕ್ಲಾಸಿನವರೆಗೆ ಹೋದವಳು, ಅಷ್ಟು ಓದಲು ಬರುತ್ತದೆ. ಅದರ ಅಡಿಯಲ್ಲೇ ಕೂತ ಡ್ರೈವರನಿಗೆ ಬರುತ್ತಿರಲಿಲ್ಲವೋ ಏನೋ, ಸುರತ್ಕಲ್ ದಾಟುವುದರೊಳಗೆ ಒಂದು ಬೀಡಿ ಹಚ್ಚಿದ.

ನಾನು ಹೊರಟದ್ದೂ ಬೀಡಿಯ ಕಾರಣಕ್ಕೇ. ಮಗಳು ಶಾರದೆ ಬೊಂಬಾಯಿಯ ಭಾಂಡುಪಿನ ಚಾಳಿನಲ್ಲಿ ಒಂದೇ ರೂಮಿನಲ್ಲಿ ಸಂಸಾರ ಮಾಡುತ್ತಾಳೆ. ಅಳಿಯ ಸುಧಾಕರ ಕುರ್ಲಾದ ಒಂದು ಹೊಟೇಲಿನಲ್ಲಿ ದೋಸೆ ಹೊಯ್ಯುವವ. ಒಳ್ಳೆಯ ಜನ, ಕುಡಿತ ಇಲ್ಲ, ಜಗಳ ಇಲ್ಲ. ಬೀಡಿ ಮಾತ್ರ ಬಿಡುವುದಿಲ್ಲ. ಮೊಮ್ಮಗಳು ರೇಖಾಳಿಗೆ ಏಳು ವರ್ಷ, ಚಿಕ್ಕಂದಿನಿಂದಲೂ ದಮ್ಮು. ರೂಮಿನೊಳಗೆ ಹೊಗೆ ಆಗಲೇಬಾರದು, ಹೊಗೆ ನಿಲ್ಲದೆ ಔಷಧಿ ಕೊಟ್ಟು ಪ್ರಯೋಜನ ಇಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅಳಿಯ ಎರಡು ದಿನ ತಡೆದುಕೊಂಡ, ಆಮೇಲೆ ಪುನಃ ಕಿಟಕಿಯ ಹತ್ತಿರ ಕೂತು ಹಚ್ಚಿದ.

ಆಗ ಮಗಳಿಗೆ ಒಂದು ಉಪಾಯ ಹೊಳೆಯಿತು. ನಮ್ಮಲ್ಲಿ ಅಳಿಯನಾದವ ಅತ್ತೆಯ ಎದುರು ಬೀಡಿ ಸೇದುವ ಕ್ರಮ ಇಲ್ಲ. ಎಂಥ ಪೋಕರಿಯಾದರೂ ಅತ್ತೆ ಬರುವುದು ಕಂಡರೆ ಬಿಸಾಡುತ್ತಾನೆ. “ಅಮ್ಮ, ನೀನು ಎಂಥದೂ ಮಾಡುವುದು ಬೇಡ. ಬಂದು ಒಂದು ತಿಂಗಳು ಸುಮ್ಮನೆ ಕೂತುಕೋ” ಎಂದು ಊರಿಗೆ ಬಂದವರ ಹತ್ತಿರ ಹೇಳಿ ಕಳಿಸಿದಳು. ಅಂದರೆ ನಾನೂ ಒಂದು ಬೋರ್ಡು, ಕಾಲಿರುವ ಬೋರ್ಡು.

ಇನ್ನೊಂದು ಮಾತು ಈಗಲೇ ಹೇಳಬೇಕು. ಬೀಡಿ ಕಟ್ಟುವುದೇ ನನ್ನ ಕಸುಬು. ಗಂಡ ಹೋದ ಮೇಲೆ ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಇಟ್ಟುಕೊಂಡು ಕಟ್ಟಿ ಕಟ್ಟಿಯೇ ಮಕ್ಕಳನ್ನು ದೊಡ್ಡ ಮಾಡಿದೆ. ಶಾರದೆಯ ಮದುವೆಯ ಬಳೆಯೂ ಅದರದ್ದೇ. ನಾಚಿಕೆ ಏನಿಲ್ಲ. ಗಂಡಸರು ಸೇದುತ್ತಾರೆ, ಹೆಂಗಸರು ಕಟ್ಟುತ್ತಾರೆ, ನಮ್ಮ ಕಡೆ ಎಷ್ಟೋ ಮನೆಯಲ್ಲಿ ಒಲೆ ಉರಿಯುವುದೇ ಹಾಗೆ.

ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಾಗ ರಾತ್ರಿ ಊಟದ ಹೊತ್ತು. ಜೋಳದ ರೊಟ್ಟಿ ನನ್ನ ಹಲ್ಲಿಗೆ ಆಗುವುದಿಲ್ಲ. ಅನ್ನ ಸಾರು ಉಂಡೆ, ಅನ್ನ ಬೆಂದಿರಲಿಲ್ಲ. ಅಲ್ಲಿ ಹತ್ತಿದ ಗಂಡಸರಲ್ಲಿ ಬೀಡಿ ಹಚ್ಚುವವರು ಕಡಿಮೆ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ತುಟಿಯ ಒಳಗೆ ಇಡುತ್ತಾರೆ. ತಟ್ಟಿದಾಗ ಹಾರುವ ಧೂಳಿಗೆ ಪಕ್ಕದವರೆಲ್ಲ ಸೀನಬೇಕು. ಬೋರ್ಡು ಹೊಗೆಗೆ ಮಾತ್ರ, ಸೀನಿಗೆ ಬೋರ್ಡಿಲ್ಲ.

ಬೆಳಿಗ್ಗೆ ಸಾತಾರದ ಹತ್ತಿರ ಚಹಕ್ಕೆ ನಿಲ್ಲಿಸಿದರು. ಮಳೆಗಾಲಕ್ಕೆ ಇನ್ನೂ ತಿಂಗಳಿಗಿಂತ ಹೆಚ್ಚು ಇದ್ದರೂ ಗಾಳಿ ತಣ್ಣಗಿತ್ತು. ನಳದ ಬಳಿ ಹೆಂಗಸರು ಕಪ್ಪು ಪುಡಿಯಲ್ಲಿ ಹಲ್ಲುಜ್ಜುತ್ತಿದ್ದರು. ಇದ್ದಿಲು ಎಂದುಕೊಂಡೆ. ವಾಸನೆ ಮೂಗಿಗೆ ಬಂದಾಗ ತಿಳಿಯಿತು, ಹುರಿದು ಪುಡಿ ಮಾಡಿದ ಹೊಗೆಸೊಪ್ಪು. ಮಿಶ್ರಿ ಎನ್ನುತ್ತಾರೆ. ಒಬ್ಬಳು ನನ್ನ ಕಡೆಗೂ ಡಬ್ಬಿ ಚಾಚಿದಳು. ನಾನು ಬೇಡವೆಂದು ನನ್ನ ಎಲೆ ಅಡಿಕೆಯ ಚೀಲ ಬಿಚ್ಚಿ ತೋರಿಸಿದೆ. ಅದರಲ್ಲೂ ಹೊಗೆಸೊಪ್ಪು ಉಂಟು. ಇಬ್ಬರೂ ನಕ್ಕೆವು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಅಷ್ಟು ಅರ್ಥವಾಯಿತು.

ಮಧ್ಯಾಹ್ನ ಬೊಂಬಾಯಿಯ ಸಯನಿನಲ್ಲಿ ಇಳಿದಾಗ ಶಾರದೆ ಕಾಯುತ್ತಿದ್ದಳು. ರಸ್ತೆ ಬದಿಯ ಪಾನ್ ಅಂಗಡಿಯಲ್ಲಿ ತೆಂಗಿನ ನಾರಿನ ಹಗ್ಗ ನೇತು ಹಾಕಿದ್ದರು, ತುದಿಯಲ್ಲಿ ಕೆಂಡ. ಹೋಗಿ ಬರುವವರೆಲ್ಲ ಅದಕ್ಕೆ ಬೀಡಿ, ಸಿಗರೇಟು ಮುಟ್ಟಿಸಿಕೊಂಡು ನಡೆಯುತ್ತಾರೆ. ದೇವಸ್ಥಾನದ ನಂದಾದೀಪಕ್ಕೂ ಇಷ್ಟು ಜನ ಇಲ್ಲ. ಅಲ್ಲಿಂದ ಭಾಂಡುಪಿಗೆ ಲೋಕಲ್ ರೈಲು ಹಿಡಿದೆವು. ಅದರಲ್ಲಿ ಮಾತ್ರ ಒಬ್ಬನೂ ಸೇದುವುದು ಕಾಣಲಿಲ್ಲ. “ಬೊಂಬಾಯಿಯವರು ಬೋರ್ಡಿಗೆ ಮರ್ಯಾದೆ ಕೊಡ್ತಾರೆ ಮಾರಾಯ್ತಿ” ಎಂದೆ.

“ಎಂಥ ಮರ್ಯಾದೆ ಅಮ್ಮ! ಕೈ ಬಾಯಿಯವರೆಗೆ ಎತ್ತಲಿಕ್ಕೆ ಜಾಗ ಉಂಟಾ ನೋಡು” ಎಂದಳು.

ಸಂಜೆ ಅಳಿಯ ಬಂದು ಕಾಲಿಗೆ ನಮಸ್ಕಾರ ಮಾಡಿದ. ಕಿಟಕಿಯ ಹತ್ತಿರ, ಅವನು ಕೂತು ಸೇದುತ್ತಿದ್ದ ಜಾಗದಲ್ಲೇ ಶಾರದೆ ನನ್ನ ಚಾಪೆ ಹಾಸಿದ್ದಳು. ಅದನ್ನು ಕಂಡು ಅವನು ಬಾಗಿಲಿನ ಹತ್ತಿರ ಹೋಗಿ ಕೂತ. ಮರುದಿನದಿಂದ ರೂಮಿನಲ್ಲಿ ಹೊಗೆಯ ಸುಳಿವಿಲ್ಲ. ಮಗಳಿಗೆ ಗೆದ್ದ ಖುಷಿ. ಆದರೆ ಅಳಿಯನೂ ಮನೆಯಲ್ಲಿ ಕಾಣುವುದು ಅಪರೂಪವಾಯಿತು. ಓವರ್‌ಟೈಮ್ ಎಂದು ರೇಖಾ ಮಲಗಿದ ಮೇಲೆ ಬರುತ್ತಿದ್ದ. ಒಂದು ರಾತ್ರಿ ಅವಳು ಬಾಗಿಲಿನಲ್ಲಿ ನಿಂತು, ಹಿಂದಿ ಬೆರೆಸಿದ ಕನ್ನಡದಲ್ಲಿ, “ಅಜ್ಜಿ, ಪಪ್ಪಾ ಅಭೀ ತಕ್ ಯಾಕೆ ಬರ್ಲಿಲ್ಲ? ನೀವು ಬಂದ್ರಿ ತೋ ಅವ್ರು ಹೋದ್ರು” ಎಂದಳು. ಮಗು ಸುಮ್ಮನೆ ಹೇಳಿದ್ದು. ನನಗೆ ಮಾತ್ರ ಅನ್ನ ಸೇರಲಿಲ್ಲ.

ಒಂದು ಸಂಜೆ ನಾನೂ ಶಾರದೆಯೂ ರೇಖಾಳನ್ನು ಘಾಟ್ಕೋಪರಿನ ಡಾಕ್ಟರಿಗೆ ತೋರಿಸಿ ಭಾಂಡುಪಿನಲ್ಲಿ ಇಳಿದೆವು. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಅಳಿಯ ಒಬ್ಬನೇ ಕೂತಿದ್ದ, ಬೆರಳ ಸಂದಿಯಲ್ಲಿ ಬೀಡಿ. ರೇಖಾ “ಪಪ್ಪಾ!” ಎಂದು ಓಡಿದಳು. ಅವನು ಎದ್ದ. ನನ್ನನ್ನು ಕಂಡವನೇ ಉರಿಯುವ ಬೀಡಿಯನ್ನು ಮುಷ್ಟಿಯೊಳಗೆ ಮುಚ್ಚಿದ. ಬಿಸಾಡಿದರೆ ನಾನು ನೋಡಿಬಿಡುತ್ತೇನೆ ಎಂಬ ಹೆದರಿಕೆ.

“ಎಂಥ ಅತ್ತೆ, ಡಾಕ್ಟರಲ್ಲಿಗೆ ಹೋದದ್ದಾ? ಎಂಥ ಹೇಳಿದ್ರು?”

“ಅದು ಮತ್ತೆ ಹೇಳ್ತೇನೆ. ಮುಷ್ಟಿ ಬಿಡಿ.”

“ಎಂಥ ಇಲ್ಲ ಅತ್ತೆ.”

“ಎಂಥ ಇಲ್ಲದಿದ್ರೆ ಹೊಗೆ ಎಲ್ಲಿಂದ? ಬಿಡಿ ಮಾರಾಯ್ರೆ, ಕೈ ಸುಟ್ಟುಕೊಂಡ್ರೆ ನಾಳೆ ದೋಸೆ ಹೊಯ್ಯುವುದು ಯಾರು?”

ಬಿಟ್ಟ. ಅಂಗೈ ಕೆಂಪಗೆ ಸುಟ್ಟಿತ್ತು. “ಬೆಂಚಿನ ಮೇಲೆ ಓವರ್‌ಟೈಮಾ ನಿಮ್ಮದು?” ಎಂದು ಶಾರದೆ ಶುರು ಮಾಡಿದಳು. ಮಗುವನ್ನು ಕರೆದುಕೊಂಡು ನೀನು ಮೊದಲು ನಡೆ ಎಂದು ಅವಳನ್ನು ಕಳಿಸಿ ನಾನು ಬೆಂಚಿನಲ್ಲಿ ಕೂತೆ. ಅವನು ಕೂರಲಿಲ್ಲ.

“ಬಿಡಬೇಕು ಅಂತ ಉಂಟು ಅತ್ತೆ. ಬೆಳಿಗ್ಗೆಯಿಂದ ದೋಸೆ ಕಾವಲಿಯ ಎದುರು ನಿಂತು ಬಂದ ಮೇಲೆ ಇದು ಇಲ್ಲದಿದ್ರೆ ತಲೆ ನಿಲ್ಲುದಿಲ್ಲ. ಮನೆಯಲ್ಲಿ ನೀವಿದ್ದೀರಿ. ಹಾಗೆ ಇಲ್ಲಿ ಒಂದು ಸೇದಿ ಹೋಗುವ ಅಂತ ಕೂತದ್ದು.”

“ಒಂದು ಹೋಗಿ ಇನ್ನೊಂದು, ಮಗು ಮಲಗುವವರೆಗೆ.”

ರೂಮಿನಿಂದ ಹೊಗೆ ಓಡಿಸಲು ಬಂದವಳು ನಾನು, ಹೊಗೆಯ ಜೊತೆ ಮಗುವಿನ ಅಪ್ಪನನ್ನೂ ಓಡಿಸಿದ್ದೆ.

“ಬೀಡಿ ಬಿಡಿ ಅಂತ ಹೇಳಿದ್ರೆ ನನ್ನ ಬೆರಳೇ ನಗ್ತದೆ” ಎಂದೆ. “ಸೇದುವುದಾದ್ರೆ ಹೊರಗೆ ಸೇದಿ, ಬಾಯಿ ತೊಳೆದು, ಮಗು ಎಚ್ಚರ ಇರುವಾಗ ಮನೆಗೆ ಬನ್ನಿ. ನನ್ನಿಂದ ಅಡ್ಡಿಯಿಲ್ಲ. ಆದ್ರೆ ನಾನು ಊರಿಗೆ ಹೋದ ಮೇಲೆ ಆ ಕಿಟಕಿಯ ಕಥೆ ಎಂಥ? ಪ್ರಮಾಣ ಎಲ್ಲ ಬೇಡ. ಪ್ರಮಾಣ ನಿಮ್ಮ ಮಾವನೂ ಮಾಡ್ತಿದ್ರು.”

ಒಂದು ಲೋಕಲ್ ಬಂದು ಜನರನ್ನು ಸುರಿದು ಹೋಯಿತು. ಗದ್ದಲ ಇಳಿದ ಮೇಲೆ ಅವನು ಬಾಯಿಬಿಟ್ಟ. “ನಿಮ್ಮ ಚಾಪೆ ಅಲ್ಲೇ ಇರಲಿ ಅತ್ತೆ. ಹೋಗುವಾಗ ಸುತ್ತಿ ಇಡಬೇಡಿ.”

“ಚಾಪೆಗೆ ಹೆದರ್ತೀರಾ?”

“ಚಾಪೆಗೆ ಅಲ್ಲ. ನೀವು ಕೂತ ಜಾಗ ಅಲ್ವಾ. ಅಲ್ಲಿ ಹಚ್ಚಲಿಕ್ಕೆ ಕೈ ಬರುದಿಲ್ಲ.”

ಆಮೇಲೆ ಅವನು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರತೊಡಗಿದ. ರೇಖಾ ಅವನ ತೊಡೆಯ ಮೇಲೆ ಕೂತು ಚಾಳಿನ ಸುದ್ದಿ ಹಿಂದಿಯಲ್ಲಿ ಹೇಳುತ್ತಿದ್ದಳು, ಅವನು ತುಳುವಿನಲ್ಲಿ ಹೂಂಗುಟ್ಟುತ್ತಿದ್ದ. ರಾತ್ರಿ ಅವಳ ಎದೆಯ ಸಿಳ್ಳೆ ಪೂರಾ ನಿಲ್ಲಲಿಲ್ಲ, ಕಡಿಮೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ತಿಂಗಳು ತುಂಬಿತು, ಆಕಾಶದಲ್ಲಿ ಮೋಡ ಕಾಣತೊಡಗಿತು. ಮಳೆ ಹಿಡಿಯುವ ಮೊದಲು ನಾನು ಹೊರಟೆ. ಚಾಪೆ ಹಾಸಿದ ಹಾಗೆಯೇ ಬಿಟ್ಟೆ. ಸಯನಿಗೆ ಅಳಿಯನೇ ಬಂದು ಬಸ್ಸು ಹತ್ತಿಸಿದ. ಬಾಳೆ ಎಲೆಯಲ್ಲಿ ಕಟ್ಟಿದ ಇಡ್ಲಿ ಕೊಟ್ಟು, “ಚಟ್ನಿ ಬೇಗ ಮುಗಿಸಿ ಅತ್ತೆ, ಹುಳಿ ಬರ್ತದೆ” ಎಂದ. ಈ ಬಸ್ಸಿನಲ್ಲೂ ಡ್ರೈವರನ ತಲೆಯ ಮೇಲೆ ಅದೇ ಬೋರ್ಡು. ನನಗೆ ಸಿಕ್ಕಿದ್ದು ಕೊನೆಯ ಸೀಟು.

ಬಸ್ಸು ಸ್ವಲ್ಪ ಮುಂದೆ ಹೋಗಿ ಸಿಗ್ನಲಿನಲ್ಲಿ ನಿಂತಿತು. ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಅಳಿಯ ಆ ಪಾನ್ ಅಂಗಡಿಯ ಹಗ್ಗದ ಹತ್ತಿರ ಹೋಗಿದ್ದ, ಬಾಯಲ್ಲಿ ಬೀಡಿ. ಹಗ್ಗ ಕೈಗೆ ತೆಗೆದುಕೊಂಡವನು ಯಾಕೋ ರಸ್ತೆಯ ಕಡೆ ನೋಡಿದ. ಬಸ್ಸು ಹೋಗಿರಲಿಲ್ಲ, ಗಾಜಿನಲ್ಲಿ ನನ್ನ ಮುಖ ಇತ್ತು. ಬೀಡಿ ಬಾಯಿಯಿಂದ ಬೆನ್ನ ಹಿಂದಕ್ಕೆ ಹೋಯಿತು. ಇನ್ನೊಂದು ಕೈಯಲ್ಲಿ ಟಾಟಾ ಮಾಡಿದ.

ಹೊರಗೆ ಸೇದಬಹುದೆಂದು ನಾನೇ ಹೇಳಿದ್ದೆ. ಆದರೂ ಮುಖ ತಿರುಗಿಸಲಿಲ್ಲ. “ಕುತ್ತಿಗೆ ನೋಯುದಿಲ್ವಾ ಅಮ್ಮ?” ಎಂದು ಪಕ್ಕದವಳು ಕೇಳಿದಳು. ನೋಯುತ್ತಿತ್ತು. ಸಿಗ್ನಲ್ ಬಿಟ್ಟು ಬಸ್ಸು ತಿರುವು ದಾಟುವವರೆಗೂ ನೋಡುತ್ತಲೇ ಕೂತೆ. ಅಷ್ಟು ಹೊತ್ತೂ ಅವನ ಕೈ ಬೆನ್ನ ಹಿಂದೆಯೇ ಇತ್ತು.