ಗಿರಣಿ ಗೇಟಿಗೆ ಫ್ರೇಮ್‌ವರ್ಕ್ ಆರಿಸಿದವರು

ಭಾಗ್ಯನಗರದಲ್ಲಿ ನಾನು ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸಣ್ಣ ಸಾಫ್ಟ್‌ವೇರ್ ಕಚೇರಿಯ ಮುಖ್ಯಸ್ಥರು ಪ್ರತಿ ಸಭೆಗೂ ಮಿರ್ಚಿ ಭಜಿ ತರಿಸುತ್ತಿದ್ದರು. ಎಲ್ಲರ ಅಭಿಪ್ರಾಯ ಕೇಳುತ್ತಿದ್ದರು. ಕೇಳುವಾಗ ಕಣ್ಣು ಮೊಬೈಲಿನ ಮೇಲಿರುತ್ತಿತ್ತು. ಕೊನೆಗೆ ಒಂದೇ ಮಾತು: “ದೊಡ್ಡ ಕಂಪನಿಯವರು ಇದನ್ನ ಬಳಸ್ತಾರ. ಅವರಿಗಿಂತ ನಾವು ಶಾಣ್ಯಾರೇನು?”

ಆ ಸಲ ಗಂಗಾವತಿಯ ಅಕ್ಕಿ ಗಿರಣಿಗೆ ಭತ್ತದ ಲಾರಿ ನೋಂದಾಯಿಸುವ ವೆಬ್ ಅಪ್ಲಿಕೇಶನ್ ಬೇಕಿತ್ತು. ಅದನ್ನು ಯಾವ ಫ್ರೇಮ್‌ವರ್ಕ್, ಅಂದರೆ ಯಾವ ಸಿದ್ಧ ಸಾಫ್ಟ್‌ವೇರ್ ಚೌಕಟ್ಟಿನ ಮೇಲೆ ಕಟ್ಟಬೇಕೆಂದು ಸಭೆ ಕೂಡಿತು. ತಂಡದಲ್ಲಿದ್ದ ಒಬ್ಬಳೇ ಹೆಣ್ಣುಮಗಳು ಬಾಯಿಬಿಟ್ಟಳು. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

“ಸರ್, ಗಿರಣಿ ಗೇಟ್‌ನ್ಯಾಗ ನೆಟ್ ಭಾಳ ಮಂದ ಐತ್ರಿ. ನಮಗ ಗೊತ್ತಿರೋ ಹಳೇದು ಹಗುರ ಐತಿ, ಅದ ಇರ್ಲಿ.”

“ನೀ ಇನ್ನೂ ಚಕ್ಕಡಿನ್ಯಾಗ ಕುಂತೀ ನೋಡವಾ!” ಎಂದರು ಮುಖ್ಯಸ್ಥರು.

ಎಲ್ಲರೂ ನಕ್ಕರು. ದೊಡ್ಡ ಕಂಪನಿಯವರು ಬಳಸುವ ಹೊಸ ಫ್ರೇಮ್‌ವರ್ಕೇ ಬಂತು.

ಸುಗ್ಗಿಯಲ್ಲಿ ಆ ಮಂದ ನೆಟ್‌ಗೆ ಹೊಸ ಅಪ್ಲಿಕೇಶನ್ ತೆರೆದುಕೊಳ್ಳದೆ ಗೇಟಿನ ಕಂಪ್ಯೂಟರ್ ಪರದೆ ಬೆಳ್ಳಗೆ ನಿಂತುಬಿಟ್ಟಿತು, ಲಾರಿಗಳು ರಸ್ತೆಯುದ್ದಕ್ಕೂ ನಿಂತವು. ಗಿರಣಿಯ ಸಾಹುಕಾರರು ಕಚೇರಿಗೇ ಬಂದು ಕೂಗಾಡಿದರು. ನಮ್ಮ ಮುಖ್ಯಸ್ಥರು ಚಷ್ಮಾ ಒರೆಸಿಕೊಳ್ಳುತ್ತ ಅವಳ ಕಡೆ ಕೈ ತೋರಿಸಿದರು: “ಈಕಿಗೆ ಹೊಸಾದು ಕಲಿಯಾಕ ಬರ್ಲಿಲ್ರಿ. ಇವತ್ತ ತಗದು ಹಾಕ್ತೀನಿ.” ಹಾಗೇ ಮಾಡಿದರು.

ಸೋಮವಾರ ಮತ್ತೆ ಸಭೆ, ಇನ್ನೊಂದು ಹೊಸ ಫ್ರೇಮ್‌ವರ್ಕ್. “ಯಾರರ ಏನರ ಹೇಳೋದೈತೇನ್ರಪಾ?” ಎಂದು ಕೇಳಿದರು. ಎಲ್ಲರೂ ತಲೆ ಬಗ್ಗಿಸಿ ಭಜಿ ತಿಂದರು.

“ಛಲೋ ಆತು,” ಎಂದರು. “ಈಗ ಖರೇ ಟೀಮ್ ಆತು ನೋಡ್ರಿ.”